ಐದನೇ ರೀಲು

ಥಿಯೇಟರಿನ ಬಾಗಿಲಲ್ಲಿ ಕೊರಳಿಗೆ ಹಾಕಿಕೊಳ್ಳಲು ಕೊಟ್ಟ ಬಿಲ್ಲೆಯ ಮೇಲೆ ‘ಇರಾ’ ಎಂದಷ್ಟೇ ಇತ್ತು. ಈರಯ್ಯ ಅದನ್ನು ತಿರುಗಿಸಿ ನೋಡಿದ. ಉಳಿದ ಅಕ್ಷರಗಳು ಹಿಂಬದಿಯಲ್ಲಿ ಇರಬಹುದೆಂದಲ್ಲ, ಎದುರಿಗಿದ್ದ ಹುಡುಗಿಯ ಮುಖ ನೋಡುವುದನ್ನು ಒಂದು ಕ್ಷಣ ಮುಂದೂಡಲಿಕ್ಕೆ. ಆ ಹಳೆಯ ಚಿತ್ರವನ್ನೆಲ್ಲ ಸರಿಮಾಡಿದವರು ನೀವೇ ಅಲ್ಲವೇ ಎಂದು ಅವಳು ನಗುತ್ತ ಕೇಳಿದಾಗ ಹೌದೆಂದು ತಲೆಯಾಡಿಸಿದ. ಆಡಿಸಿದ ಮೇಲೆ ಆ ‘ಎಲ್ಲ’ ಎಂಬ ಮಾತು ಒಳಗೆಲ್ಲೋ ಮುಳ್ಳಿನಂತೆ ಸಿಕ್ಕಿಕೊಂಡಿತು. ಹೊರಗೆ ಸಿಡ್ನಿಯ ನವೆಂಬರ್ ಮಧ್ಯಾಹ್ನದ ಬಿಸಿಲು ಗಾಜಿನ ಬಾಗಿಲಿಗೆ ಹೊಡೆಯುತ್ತಿತ್ತು. ಒಳಗೆ ವೈನ್ ಗ್ಲಾಸು ಹಿಡಿದ ಮುದುಕರು, ಫಿಲ್ಮ್ ಸೊಸೈಟಿಯ ಗಡ್ಡದವರು, ದೂತಾವಾಸದಿಂದ ಬಂದ ಬೂದು ಸೂಟಿನ ಒಬ್ಬ ಮನುಷ್ಯ. ಒಬ್ಬೊಬ್ಬರೂ ಬಂದು ಅವನ ಕೈ ಕುಲುಕುತ್ತಿದ್ದರು. ಪ್ರತಿ ಸಲವೂ ಅವನು ಕೈಯನ್ನು ಬೇಗ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ, ಅದಕ್ಕೆ ಇನ್ನೂ ಆ ವಾಸನೆ ಇರುವಂತೆ. ಮೂರು ವರ್ಷವಾಗಿತ್ತು. ಯಾವ ವಾಸನೆಯೂ ಉಳಿದಿರಲಿಕ್ಕೆ ಸಾಧ್ಯವಿರಲಿಲ್ಲ.

ಅವನ ತೋಳು ಹಿಡಿದು ನಿಂತಿದ್ದ ಟ್ರೂಡಿ ಲಿಂಡ್ನರ್‌ಗೆ ಎಪ್ಪತ್ತೇಳು ವರ್ಷ. ಇಬ್ಬರೂ ಬೆಳಿಗ್ಗೆ ಮೆಲ್ಬರ್ನ್‌ನಿಂದ ಒಂದೇ ವಿಮಾನದಲ್ಲಿ ಬಂದಿದ್ದರು. ಟಿಕೆಟ್ ತೆಗೆದದ್ದು ಈರಯ್ಯ ಕೆಲಸ ಮಾಡುವ ಫಿಲ್ಮ್ ಲ್ಯಾಬು. ಅಷ್ಟು ಸೆಕೆಯಲ್ಲೂ ಅವಳು ಕಡುನೀಲಿ ಕೋಟನ್ನು ತೆಗೆಯದೆ, ತಾಯಿಯನ್ನು ನೋಡಲು ಹೋಗುವಾಗ ಹೀಗೇ ಹೋಗಬೇಕೆಂದು ಹೇಳಿದ್ದಳು. ಹೇಳಿದ ಕೂಡಲೇ, ನೋಡುವುದಿಲ್ಲ ಎಂಬುದು ಗೊತ್ತು, ಗಾಬರಿಯಾಗಬೇಡ ಎಂದು ಅವನ ಕೈ ತಟ್ಟಿದ್ದಳು. ಈರಯ್ಯ ಆಗ ವಿಮಾನದ ಕಿಟಕಿಯ ಆಚೆಯ ಮೋಡ ನೋಡಿದ್ದ. ಅವಳು ಹತ್ತು ವರ್ಷದವಳಿದ್ದಾಗ ವಿಯೆನ್ನಾದ ರೈಲು ನಿಲ್ದಾಣದಲ್ಲಿ ತಾಯಿ ಅವಳನ್ನು ಬೇರೆ ಯಹೂದಿ ಮಕ್ಕಳ ಜೊತೆ ರೈಲು ಹತ್ತಿಸಿ ಕೆಳಗೇ ಉಳಿದಿದ್ದಳು. ಆಮೇಲೆ ತಾಯಿಯ ಸುದ್ದಿಯೇ ಇಲ್ಲ. ಇದ್ದ ಒಂದು ಫೋಟೊ ಯಾವುದೋ ಮನೆ ಬದಲಿಸುವಾಗ ಕಳೆದುಹೋಯಿತು. ದನಿ ನೆನಪಿದೆ, ನಡಿಗೆ ನೆನಪಿದೆ, ಮುಖ ಮಾತ್ರ ಹೋಗಿಬಿಟ್ಟಿದೆ ಎಂದು ಅವಳು ಅವನಿಗೆ ಮೊದಲ ಸಲ ಹೇಳಿದ್ದು ಫೋನಿನಲ್ಲಿ, 2003ರ ಮಾರ್ಚ್ ತಿಂಗಳಲ್ಲಿ. ಬಾಕ್ಸ್ ಹಿಲ್‌ನ ಅವಳ ಮನೆಯ ಗ್ಯಾರೇಜಿನಲ್ಲಿ, ತೀರಿಕೊಂಡ ಗಂಡನ ಹಳೆಯ ಸಾಮಾನಿನ ನಡುವೆ, ಐದು ತಗಡಿನ ಡಬ್ಬಿಗಳು ಸಿಕ್ಕಿದ್ದವು. ಗಂಡನ ಚಿಕ್ಕಪ್ಪ ವಲಸೆ ಬರುವಾಗ ಹೊತ್ತು ತಂದ ಸಿನಿಮಾ ಅದು. ಡಬ್ಬಿಯ ಮೇಲಿನ ಚೀಟಿಯನ್ನು ಅವಳು ಎರಡು ಸಲ ಓದಿದಳಂತೆ. ‘ಮೂರನೇ ಮಹಡಿ’, ವಿಯೆನ್ನಾ, 1926. ಇಡೀ ಲೋಕ ಕಳೆದುಹೋಯಿತೆಂದು ಬರೆದುಕೊಂಡಿದ್ದ ಮೂಕಿ ಚಿತ್ರ. ಅದರ ಕೊನೆಯ ರೀಲಿನಲ್ಲಿ ನಲ್ಲಿಯ ಹತ್ತಿರ ಹೂಜಿ ಸರಿಸುವವಳು ಆಗಿನ್ನೂ ಮದುವೆಯಾಗದ ಅವಳ ತಾಯಿ, ತಾಯಿಯೇ ಅದನ್ನು ಮಗಳಿಗೆ ಹೇಳುತ್ತಿದ್ದಳು.

ದೀಪಗಳು ಆರಿದವು. ಮೂಲೆಯಲ್ಲಿ ಪಿಯಾನೊ ಎದುರು ಕೂತ ಹೆಂಗಸು ಕೈ ಎತ್ತಿದಳು. ಪರದೆಯ ಮೇಲೆ ಮೊದಲು ಬಂದದ್ದು ಮೆಟ್ಟಿಲು. ಸುತ್ತಿ ಸುತ್ತಿ ಏರುವ ಕಲ್ಲಿನ ಮೆಟ್ಟಿಲು, ಮೇಲಿನಿಂದ ಬೀಳುವ ಹಾಲಿನಂಥ ಬೆಳಕು. ಆ ಬೆಳಕಿನಲ್ಲಿ ಎಡಗಡೆ ಹಿಂದೆ ಒಂದು ಗೀರು ಇತ್ತು, ಕೂದಲೆಳೆಯಷ್ಟು, ಸಾವಿರದ ಇನ್ನೂರು ಫ್ರೇಮುಗಳ ಉದ್ದಕ್ಕೂ. ಅದನ್ನು ಒಂದೊಂದೇ ಫ್ರೇಮಿನಲ್ಲಿ ಅಳಿಸಲು ಈರಯ್ಯನಿಗೆ ಐದು ವಾರ ಹಿಡಿದಿತ್ತು. ಈಗ ಅದು ಇರಲಿಲ್ಲ, ಅವನಿಗೆ ಮಾತ್ರ ಕಾಣುತ್ತಿತ್ತು. ಕಥೆ ದೊಡ್ಡದೇನಲ್ಲ. ವಿಯೆನ್ನಾದ ಒಂದು ವಠಾರ. ಪ್ರತಿ ಮಹಡಿಗೆ ಒಂದೇ ನಲ್ಲಿ, ಹೊರಗಿನ ಪಡಸಾಲೆಯಲ್ಲಿ. ಮೂರನೇ ಮಹಡಿಯ ಹೊಲಿಗೆಯವಳ ಮೇಲೆ ಕಳ್ಳತನದ ಅಪವಾದ ಬರುತ್ತದೆ. ಆದರೆ ನಿರ್ದೇಶಕ ಆ ಮಾತನ್ನು ಎಲ್ಲೂ ಆಡಿಸುವುದಿಲ್ಲ, ಅದಕ್ಕೆ ಒಂದು ಅಕ್ಷರದ ಕಾರ್ಡನ್ನೂ ಹಾಕುವುದಿಲ್ಲ. ನಲ್ಲಿಯ ಹತ್ತಿರ ಸಾಲಾಗಿ ಇಟ್ಟ ಹೂಜಿಗಳನ್ನು ಮಾತ್ರ ತೋರಿಸುತ್ತಾನೆ. ಮೊದಲ ರೀಲಿನಲ್ಲಿ ಅವಳ ಹೂಜಿ ಉಳಿದವಕ್ಕೆ ಒತ್ತಿಕೊಂಡಿದೆ. ಎರಡನೆಯದರಲ್ಲಿ ನಡುವೆ ಒಂದು ಗೇಣು ಜಾಗ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವಳದು ಗೋಡೆಯ ಮೂಲೆಯಲ್ಲಿ ಒಂಟಿ. ಕ್ಯಾಮೆರಾ ಸೊಂಟದ ಎತ್ತರ ಬಿಟ್ಟು ಏಳುವುದಿಲ್ಲ. ಹೊಲಿಗೆಯವಳ ಮುಖವೊಂದೇ ಕಾಣುತ್ತದೆ. ಅವಳು ಕೂತೇ ಇರುವವಳು, ಹೊಲಿಯುವವಳು. ನೆರೆಯ ಹೆಂಗಸರೆಲ್ಲ ಬರಿಯ ಕೈಗಳು, ಸೆರಗಿನಂತೆ ಸೊಂಟಕ್ಕೆ ಕಟ್ಟಿದ ಬಟ್ಟೆಗಳು. ಆ ಕೈಗಳಲ್ಲಿ ಏನೇನಿತ್ತು! ಬೆರಳು ಹೂಜಿಯ ಬಾಯಿಯ ಮೇಲೆ ತಟ್ಟುವುದರಲ್ಲಿ ಚಾಡಿ, ಹಿಡಿ ಬದಲಿಸುವುದರಲ್ಲಿ ತಿರಸ್ಕಾರ. ನಲ್ಲಿ ಬಿಟ್ಟಾಗಲೆಲ್ಲ ಪಿಯಾನೊದವಳು ಕೈ ತೆಗೆದುಬಿಡುತ್ತಿದ್ದಳು. ಆ ಮೌನದಲ್ಲಿ ಈರಯ್ಯನಿಗೆ ಧಾರವಾಡದ ಓಣಿಯ ನಳದ ಸದ್ದು ಕೇಳುತ್ತಿತ್ತು. ಕೊಡದ ತಳಕ್ಕೆ ನೀರು ಬೀಳುವ ದಪ್ಪ ಸದ್ದು, ತುಂಬುತ್ತ ತುಂಬುತ್ತ ತೆಳ್ಳಗಾಗಿ ಮೇಲೇರುವ ಸದ್ದು. ಅವ್ವ ರತ್ನವ್ವ ಒಳಗೆ ರೊಟ್ಟಿ ಬಡಿಯುತ್ತಲೇ ಆ ಸದ್ದಿನ ಮೇಲೆ ಕೊಡ ತುಂಬಿತೆಂದು ಹೇಳುತ್ತಿದ್ದಳು. ಲ್ಯಾಬಿನ ಕತ್ತಲೆ ಕೋಣೆಯಲ್ಲಿ ಮೂರು ವರ್ಷ ಈ ಚಿತ್ರದ ಎಪ್ಪತ್ತು ಸಾವಿರ ಫ್ರೇಮುಗಳನ್ನು ತೊಳೆದು ಒರೆಸಿ ಕೂರಿಸುವಾಗ ಅವನು ಅದನ್ನೇ ಕೇಳಿಸಿಕೊಂಡಿದ್ದ. ಇಷ್ಟು ಶ್ರದ್ಧೆ ಎಲ್ಲಿಂದ ಬಂತು ಎಂದು ಮ್ಯಾನೇಜರ್ ಎಲ್ಲರೆದುರು ಹೊಗಳಿದ್ದ. ಎಲ್ಲಿಂದ ಬಂತೆಂದು ಈರಯ್ಯನಿಗೆ ಗೊತ್ತಿತ್ತು.

ಅದು ಮೂರು ವರ್ಷದ ಹಿಂದಿನ ಒಂದು ಶುಕ್ರವಾರ. ನಾಲ್ಕು ಡಬ್ಬಿ ಆಗಲೇ ತೆರೆದು ನೋಡಿಯಾಗಿತ್ತು, ಅಂಚು ಕೆಟ್ಟಿದ್ದರೂ ಉಳಿಯುವಂಥವು. ಐದನೆಯದರ ಮುಚ್ಚಳ ತುಕ್ಕು ಹಿಡಿದು ಕೂತಿತ್ತು, ಉಳಿಯಿಂದ ಎಬ್ಬಿಸಿದ. ಒಳಗಿನಿಂದ ಎದ್ದ ವಾಸನೆಗೆ ಮುಖ ಹೊರಳಿಸಿದ. ಆ ಕಾಲದ ಫಿಲ್ಮು ಕೆಡುವಾಗ ಮೊದಲು ಅಂಟುತ್ತದೆ, ಆಮೇಲೆ ಜೇನಿನಂತೆ ಕರಗುತ್ತದೆ, ಕೊನೆಗೆ ಕಂದು ಪುಡಿಯಾಗುತ್ತದೆ. ಬಿಸಿಲಿಗೆ ತಾನೇ ಹೊತ್ತಿಕೊಳ್ಳುವುದೂ ಉಂಟು. ಮೇಲಿನ ಸುತ್ತುಗಳು ಪುಡಿಯಾಗಿದ್ದವು. ಒಳಗಿನ ಸುತ್ತುಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ, ಇಬ್ಬರು ಕೂತು ನಿಧಾನವಾಗಿ ಬಿಡಿಸಿ ನೋಡದೆ ತೀರ್ಮಾನ ಬರೆಯಬಾರದು. ಇದು ಅವನು ಕಲಿತ ಮೊದಲ ಪಾಠ. ಆದರೆ ಜೊತೆಗಾರ ರಜೆಯಲ್ಲಿದ್ದ. ಅಪಾಯದ ಫಿಲ್ಮು ಶನಿವಾರ ಭಾನುವಾರ ಕಟ್ಟಡದೊಳಗೆ ಇರಕೂಡದೆಂದು ಮ್ಯಾನೇಜರ್ ಹೇಳಿ ಹೋಗಿದ್ದ. ಗಂಟೆ ನಾಲ್ಕೂವರೆ. ಐದೂವರೆಯೊಳಗೆ ಟಾರ್ನೀಟ್ ಮುಟ್ಟಬೇಕಿತ್ತು. ಅಲ್ಲಿ ಹೊಸ ಎಸ್ಟೇಟಿನ ಮಾದರಿ ಮನೆ ನೋಡಲು ಹೆಂಡತಿ ಶ್ರೀದೇವಿ ಎಷ್ಟೋ ದಿನದಿಂದ ಕಾಯುತ್ತಿದ್ದಳು, ಕೈಯಲ್ಲಿ ಎರಡು ವರ್ಷದ ಮಗಳು ಪ್ರಾರ್ಥನಾಳನ್ನು ಎತ್ತಿಕೊಂಡು ಆಗಲೇ ಫುಟ್‌ಸ್ಕ್ರೇಯ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಈ ದೇಶದಲ್ಲಿ ಕಾಯಂ ಇರಲು ಪಿಆರ್ ಕಾಗದ ಬಂದು ಇನ್ನೂ ಹದಿನೈದು ದಿನ. ಈರಯ್ಯ ಫಾರಂನಲ್ಲಿ ‘ಸಂಪೂರ್ಣ ನಾಶ’ ಎಂದು ಎರಡು ಪದ ಬರೆದ. ಇಬ್ಬರ ಸಹಿಯ ಜಾಗದಲ್ಲಿ ಒಂದೇ ಸಹಿ ಹಾಕಿದ. ರೀಲನ್ನು ಹಿತ್ತಲಿನ ನೀರಿನ ಡ್ರಮ್ಮಿಗೆ ಇಳಿಸಿ ಮುಚ್ಚಿದ. ಹೀಗೆ ಮುಳುಗಿಸಿ ಇಟ್ಟರೆ ಸೋಮವಾರ ಲಾರಿಯವರು ಬಂದು ಒಯ್ಯುತ್ತಾರೆ. ಅಷ್ಟೇ ಆಗಿದ್ದರೆ ಅವಸರದ ತಪ್ಪು ಎಂದುಕೊಂಡು ಹೇಗೋ ಬದುಕಬಹುದಿತ್ತು. ಎಷ್ಟೋ ಸಲ ಅವನು ತನ್ನೊಡನೆ ಅಲ್ಲಿಗೇ ನಿಲ್ಲಿಸಿಕೊಳ್ಳಲು ನೋಡಿದ್ದ.

ಆದರೆ ಸೋಮವಾರ ಬೆಳಿಗ್ಗೆ ಅವನು ಮುಚ್ಚಳ ತೆಗೆದು ನೋಡಿದ್ದ. ಯಾಕೆ ತೆಗೆದನೋ. ಎರಡು ದಿನದ ನೀರಿಗೆ ಮೇಲಿನ ಪುಡಿಯೆಲ್ಲ ತಳಕ್ಕಿಳಿದು, ನಡುವಿನ ಸುರುಳಿ ಬಿಚ್ಚಿಕೊಂಡು ತೇಲುತ್ತಿತ್ತು. ಚಿಮಟದಿಂದ ಹಿಡಿದು ಎತ್ತಿದ. ಒಂದು ಮಾರಿನಷ್ಟು ಬಂತು. ಬೆಳಕಿಗೆ ಹಿಡಿದಾಗ ಚಿತ್ರಗಳು ತಿಳಿಯಾಗಿದ್ದವು, ನಿನ್ನೆ ತೆಗೆದಂತೆ. ಆಗಲೂ ಹೊತ್ತು ಮೀರಿರಲಿಲ್ಲ. ಹೊರಗೆ ತೆಗೆದು ಒಣಗಿಸಿ ಕಾಪಿ ಮಾಡಿದ್ದರೆ ಕಾಲುಭಾಗವಾದರೂ ಉಳಿಯುತ್ತಿತ್ತು. ಒಳಗೆ ಹೋಗಿ ಮ್ಯಾನೇಜರಿಗೆ ನಾನು ತಪ್ಪು ಬರೆದೆ ಎಂದು ಹೇಳಬೇಕಿತ್ತು. ಗೇಟಿನಲ್ಲಿ ಲಾರಿ ಹಿಂದಕ್ಕೆ ಬರುವ ಸದ್ದು ಕೇಳಿತು. ಅವನು ಸುರುಳಿಯನ್ನು ನೀರಿಗೆ ಬಿಟ್ಟು ಮುಚ್ಚಳ ಒತ್ತಿದ. ಡ್ರೈವರ್ ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ. ಮಧ್ಯಾಹ್ನ ಟ್ರೂಡಿ ಫೋನ್ ಮಾಡಿ, ನನ್ನ ಅಮ್ಮ ಇದ್ದಾಳಾ ಎಂದು ಕೇಳಿದಳು. ನಮ್ಮ ಕೈಗೆ ಬರುವ ಮೊದಲೇ ಹೋಗಿತ್ತು ಎಂದು ಅವನು ಹೇಳಿದ. ಆ ವರ್ಷ ಡಿಸೆಂಬರಿನಲ್ಲಿ ಅವಳು ಒಂದು ತಗಡಿನ ತುಂಬ ಅರ್ಧಚಂದ್ರದ ಬಿಸ್ಕತ್ತು ಮಾಡಿ ಕಳಿಸಿದಳು, ಮುಂದಿನ ವರ್ಷವೂ ಕಳಿಸಿದಳು. ಈರಯ್ಯನಿಗೆ ಅದು ಬಾಯಲ್ಲಿ ಕರಗದೆ ಮಣ್ಣಾಗುತ್ತಿತ್ತು. ಪ್ರಾರ್ಥನಾ ತಿಂದು ಮುಗಿಸುತ್ತಿದ್ದಳು.

ಪರದೆಯ ಮೇಲೆ ಹೊಲಿಗೆಯವಳು ಖಾಲಿ ಹೂಜಿ ಹಿಡಿದು ಪಡಸಾಲೆಗೆ ಬಂದಳು. ಅಲ್ಲಿಗೆ ನಾಲ್ಕನೇ ರೀಲು ಮುಗಿಯಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಐದನೇ ರೀಲು ದೊರೆತ ಹೊತ್ತಿಗೆ ಸಂಪೂರ್ಣ ನಾಶವಾಗಿತ್ತು. ಅವನ ಎರಡು ಪದಗಳು, ಆಳೆತ್ತರ. ವಿಯೆನ್ನಾದ ಹಳೆಯ ಪತ್ರಿಕೆಯೊಂದರಲ್ಲಿ ಸಿಕ್ಕ ನಾಲ್ಕು ಸಾಲಿನ ವಿಮರ್ಶೆಯಿಂದ ತೆಗೆದುಕೊಂಡ ಮಾತು ಅದರ ಕೆಳಗಿತ್ತು. ಒಬ್ಬ ನೆರೆಯವಳು ತನ್ನ ಹೂಜಿಯನ್ನು ಸರಿಸಿ ಜಾಗ ಕೊಡುತ್ತಾಳೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟ್ರೂಡಿಯೂ ತಟ್ಟುತ್ತಿದ್ದಳು, ಅಕ್ಷರಗಳಿದ್ದ ಜಾಗವನ್ನೇ ನೋಡುತ್ತ.

ವೇದಿಕೆಯ ಮೇಲೆ ಮೂರು ಕುರ್ಚಿ ಹಾಕಿದ್ದರು. ಸಿನಿಮಾ ಪಾಠ ಮಾಡುವ ಒಬ್ಬ ಪ್ರೊಫೆಸರ್, ಎತ್ತರದ ಹೆಂಗಸು, ಮೊದಲು ಮಾತಾಡಿದರು. ಚೆನ್ನಾಗಿ ಮಾತಾಡಿದರು. ಈ ನಿರ್ದೇಶಕನ ಪ್ರತಿಭೆ ಇರುವುದು ಅವನು ತೋರಿಸದೆ ಬಿಟ್ಟದ್ದರಲ್ಲಿ ಎಂದರು. ನೆರೆಯವರಿಗೆ ಕೊನೆಯವರೆಗೂ ಮುಖವಿಲ್ಲ. ಇನ್ನು ಹನ್ನೆರಡು ವರ್ಷಕ್ಕೆ ಆ ಊರಿನಲ್ಲಿ ನೆರೆಯವರು ಯಹೂದಿಗಳೊಡನೆ ಹೇಗೆ ನಡೆದುಕೊಳ್ಳಲಿದ್ದರೆಂಬುದನ್ನು ಅವನು ಆಗಲೇ ಕಂಡಿದ್ದ ಎಂದರು. ಈ ಬಗ್ಗೆ ಅವರ ಪುಸ್ತಕ ಅಚ್ಚಿಗೆ ಹೋಗಿತ್ತು. ಈರಯ್ಯ ತನ್ನ ಮೊಣಕಾಲುಗಳನ್ನು ನೋಡಿದ. ಅವನ ಸರದಿ ಬಂದಾಗ ಯಂತ್ರಗಳ ಬಗ್ಗೆ, ಗೀರುಗಳ ಬಗ್ಗೆ ಹೇಳಿದ. ಎಷ್ಟು ವಿನಯ ಎಂಬಂತೆ ಜನ ನಕ್ಕರು. ಕೊನೆಗೆ ಟ್ರೂಡಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತನಗೆ ಹೆಚ್ಚು ಹೇಳಲಿಕ್ಕಿಲ್ಲ, ಒಂದು ಕ್ಷಮೆ ಕೇಳುವುದಿದೆ ಎಂದಳು. ಗಂಡ ಸತ್ತದ್ದು ಜನವರಿಯಲ್ಲಿ, ಡಬ್ಬಿಗಳು ಸಿಕ್ಕಿದ್ದೂ ಆಗಲೇ. ತಾನು ಅಳುತ್ತ ಕೂತು, ಇಲ್ಲಿನ ಬೇಸಿಗೆಯ ಎರಡು ತಿಂಗಳು ಅವನ್ನು ಗ್ಯಾರೇಜಿನ ಕಾವಿನಲ್ಲೇ ಬಿಟ್ಟೆ ಎಂದಳು. ಎಪ್ಪತ್ತು ವರ್ಷ ಕಾದಿದ್ದ ರೀಲು ಆ ಎರಡು ತಿಂಗಳಲ್ಲಿ ಕರಗಿತು. ‘ಆದ್ದರಿಂದ ನಿಮ್ಮಲ್ಲಿ ಯಾರಿಗೂ ಕೊನೆ ನೋಡಲು ಸಿಗದೆ ಹೋದದ್ದು ನನ್ನಿಂದ. ನನ್ನ ಅಮ್ಮನನ್ನೂ ಸೇರಿಸಿ ಎಲ್ಲರ ಹತ್ತಿರ ಕ್ಷಮೆ ಕೇಳುತ್ತೇನೆ.’ ಪ್ರೊಫೆಸರ್ ಅವಳ ಭುಜದ ಮೇಲೆ ಕೈಯಿಟ್ಟರು. ಈಗ, ಈಗಲೇ ಹೇಳು ಎಂದು ಈರಯ್ಯನ ಒಳಗೆ ಏನೋ ತಿವಿಯುತ್ತಿತ್ತು. ಅವನು ಎದ್ದು ಅವಳಿಗೆ ನೀರಿನ ಗ್ಲಾಸು ಕೊಟ್ಟ. ಅದಕ್ಕೂ ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಹೊರಗೆ ಟ್ಯಾಕ್ಸಿ ಬರುವವರೆಗೆ ಇಬ್ಬರೂ ಒಳಮೆಟ್ಟಿಲಿನ ಪಕ್ಕದ ಬೆಂಚಿನ ಮೇಲೆ ಕೂತರು. ಅವಳು ಕೊನೆಗೂ ಕೋಟು ತೆಗೆದಿದ್ದಳು, ಅದು ಅವನ ತೊಡೆಯ ಮೇಲಿತ್ತು. ಹೇಳಿಬಿಟ್ಟೆನಲ್ಲ, ಎದೆ ಹಗುರಾಯಿತು ಎಂದು ಅವಳು ನಕ್ಕಳು. ಆ ನಗುವನ್ನು ಅವನಿಗೆ ತಾಳಿಕೊಳ್ಳಲಾಗಲಿಲ್ಲ.

‘ಪ್ರೊಫೆಸರ್ ಹೇಳಿದ್ದು ತಪ್ಪು,’ ಎಂದ. ‘ಕೊನೆಯ ರೀಲಿನಲ್ಲಿ ಒಂದು ಮುಖ ಇದೆ. ನಾನು ನೋಡಿದೆ.’

ಅವಳಿಗೆ ಅರ್ಥವಾಗಲಿಲ್ಲ. ಅವನು ಶುಕ್ರವಾರದಿಂದ ಶುರುಮಾಡಿ ಹೇಳಿದ. ಫಾರಂ, ಡ್ರಮ್ಮು, ಸೋಮವಾರ, ಲಾರಿ. ಗ್ಯಾರೇಜಿನ ಕಾವಿಗೂ ಇದಕ್ಕೂ ಸಂಬಂಧವಿಲ್ಲ, ಒಳಗಿನ ಸುತ್ತು ಚೆನ್ನಾಗಿಯೇ ಇತ್ತು ಎಂದ. ಟಾರ್ನೀಟ್‌ನ ಮನೆ ನೋಡಲು ಹೋಗುವ ಅವಸರವನ್ನೂ ಬಿಡಲಿಲ್ಲ. ಹೇಳುತ್ತಿದ್ದಂತೆ ತಾನು ಎಷ್ಟು ಸ್ಪಷ್ಟವಾಗಿ, ಎಷ್ಟು ಸರಿಯಾದ ಇಂಗ್ಲಿಷಿನಲ್ಲಿ ಹೇಳುತ್ತಿದ್ದೇನೆ ಎಂಬುದು ಕಿವಿಗೆ ಬಿದ್ದು ನಾಚಿಕೆಯಾಯಿತು. ಎಷ್ಟೋ ವರ್ಷದಿಂದ ಬಾಯಿಪಾಠ ಮಾಡಿದಂತಿತ್ತು. ಮೆಟ್ಟಿಲಿಳಿದು ಹೋಗುವವರು ಕೈಬೀಸಿದರೆ ಅವಳೂ ಕೈಬೀಸಿದಳು. ಅವನು ಮುಗಿಸಿದ ಮೇಲೆ ತನ್ನ ಬೂಟುಗಳನ್ನು ನೋಡಿದಳು.

‘ನನ್ನ ಕೋಟು ಕೊಡಿ,’ ಎಂದಳು.

ಕೊಟ್ಟ. ಹಾಕಿಕೊಳ್ಳಲು ಕೈಕೊಡಹೋದರೆ ಬೇಡವೆಂದು ತಲೆಯಾಡಿಸಿ, ತೋಳು ಸಿಗದೆ ಎರಡು ಸಲ ತಡವರಿಸಿ ತಾನೇ ಹಾಕಿಕೊಂಡಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅವನು ಹಿಂದಿನಿಂದ ಒಂದು ಮೆಟ್ಟಿಲು ಬಿಟ್ಟು ಇಳಿದ, ಬಿದ್ದರೆ ಹಿಡಿಯಲಿಕ್ಕೆ. ಅವಳು ಬೀಳಲಿಲ್ಲ. ಟ್ಯಾಕ್ಸಿ ಹೊರಟುಹೋಯಿತು. ಈರಯ್ಯ ಹೋಟೆಲಿನವರೆಗೆ ನಡೆದೇ ಹೋದ. ಬಿಸಿಲು ಇನ್ನೂ ಕಟ್ಟಡಗಳ ತುದಿಯಲ್ಲಿತ್ತು. ಕೊರಳಲ್ಲಿ ಬಿಲ್ಲೆ ಹಾಗೇ ಇದೆಯೆಂದು ಒಬ್ಬ ಅಪರಿಚಿತ ‘ಹಲೋ ಇರಾ’ ಎಂದಾಗ ತಿಳಿಯಿತು. ಫೋನಿನಲ್ಲಿ ಶ್ರೀದೇವಿಗೆ ಎಲ್ಲ ಹೇಳಿದ. ಅವಳಿಗೂ ಇದನ್ನು ಹೇಳಿದ್ದು ಇದೇ ಮೊದಲು. ಬೈಯುತ್ತಾಳೆಂದುಕೊಂಡಿದ್ದ, ಅಥವಾ ಅಷ್ಟಕ್ಕೆಲ್ಲ ಯಾಕೆ ಎನ್ನುತ್ತಾಳೆಂದು. ಎರಡೂ ಮಾಡಲಿಲ್ಲ.

‘ಆವತ್ತ ಆ ಮನ್ಯಾಗ ನೀವು ಅಡಿಗಿ ಕಟ್ಟಿ ಮುಂದ ನಿಂತು ಕೈ ತೊಳಕೋತೇನಿ ಅಂತ ನಳ ತಿರುವಕೋತ ನಿಂತಿದ್ರಿ,’ ಎಂದಳು. ‘ಅದು ತೋರ್ಸೂ ಮನಿ, ನಳಕ್ಕ ನೀರ ಇದ್ದಿಲ್ಲ. ನಾ ನಕ್ಕಿದ್ದೆ. ನೀವು ನಗಲಿಲ್ಲ.’ ಆಮೇಲೆ ‘ಮನಿಗೆ ಬರ್ರಿ,’ ಎಂದಳು.

ಮರುದಿನ ಬೆಳಗಿನ ವಿಮಾನದಲ್ಲಿ ಇಬ್ಬರದೂ ಅಕ್ಕಪಕ್ಕದ ಸೀಟು, ಲ್ಯಾಬಿನವರು ಹಾಗೆಯೇ ಬುಕ್ ಮಾಡಿದ್ದರು. ಅವಳು ಮೊದಲೇ ಬಂದು ಕಿಟಕಿಯ ಪಕ್ಕ ಕೂತಿದ್ದಳು. ಅವನು ಕೂತಾಗ ಮೊಣಕೈಯನ್ನು ಒಳಕ್ಕೆ ಎಳೆದುಕೊಂಡಳು. ಚಹಾ ತಂದವಳಿಗೆ ಇಬ್ಬರೂ ಒಂದೇ ಸಲ ಬೇಡವೆಂದರು. ಬೇರೆ ಸೀಟು ಕೇಳಬಹುದಿತ್ತು, ಕೇಳುವುದು ಓಡಿಹೋದಂತೆ ಎನಿಸಿತು. ಕೂತಿರುವುದು ಅವಳಿಗೆ ಹಿಂಸೆ ಎನಿಸಿತು. ಯಾವುದನ್ನು ಮಾಡಿದರೂ ತನ್ನ ಅನುಕೂಲಕ್ಕೇ ಮಾಡಿದಂತೆ ಕಾಣುತ್ತಿತ್ತು. ನಿನ್ನೆ ಹೇಳಿದ್ದೂ ಹಾಗೆಯೇ ಏನೋ. ಅವಳ ಎದೆ ಹಗುರವಾದ ಗಳಿಗೆಯಲ್ಲಿ ತನ್ನ ಭಾರವನ್ನು ಅಲ್ಲಿ ಇಳಿಸಿ ಬಂದಿದ್ದ. ಮೆಲ್ಬರ್ನ್ ಹತ್ತಿರವಾಗಿ ವಿಮಾನ ವಾಲಿದಾಗ, ಹಳದಿ ಹುಲ್ಲಿನ ಬಯಲೂ ಪೆಟ್ಟಿಗೆಗಳಂತೆ ಜೋಡಿಸಿದ ಹೊಸ ಮನೆಗಳೂ ಕಿಟಕಿಯ ತುಂಬ ಬಂದಾಗ, ಅವಳು ಆ ಕಡೆ ನೋಡುತ್ತಲೇ ಕೇಳಿದಳು.

‘ಏನು ನೋಡಿದಿರಿ?’

ಅವನು ಹೇಳತೊಡಗಿದ. ಸುಮಾರು ಎಂಬತ್ತು ಫ್ರೇಮು ಇರಬಹುದು, ಐದಾರು ಅಡಿ. ಸೊಂಟದ ಮಟ್ಟದಿಂದ ಕ್ಯಾಮೆರಾ ಮೇಲಕ್ಕೆ ಎದ್ದಂತಿತ್ತು. ಹೆಂಗಸು, ವಯಸ್ಸು ಇಪ್ಪತ್ತರ ಆಚೀಚೆ. ಚಿತ್ರದ ಅಂಚು ಮೆತ್ತಗಾಗಿತ್ತು, ನಡುಭಾಗ ಸ್ಪಷ್ಟ. ಟ್ರೂಡಿ ಕೈ ಎತ್ತಿ ಅವನನ್ನು ನಿಲ್ಲಿಸಿದಳು.

‘ಇದು ನೀವು ಆವತ್ತೇ ಫಾರಂನಲ್ಲಿ ಬರೆಯಬೇಕಾಗಿದ್ದದ್ದು,’ ಎಂದಳು. ‘ನನಗೆ ಇದು ಬೇಡ. ಗುರುವಾರ ಮನೆಗೆ ಬನ್ನಿ.’

ಅದಕ್ಕೂ ಮೊದಲು ಈರಯ್ಯ ಮ್ಯಾನೇಜರ್ ಕೋಣೆಗೆ ಹೋಗಿ ಬಾಗಿಲು ಹಾಕಿದ. ಮ್ಯಾನೇಜರ್ ಕೂಗಾಡಲಿಲ್ಲ. ಇದರಿಂದ ಈಗ ಯಾರಿಗೆ ಏನು ಉಪಯೋಗ ಎಂದು ನಿಜವಾಗಿಯೂ ತಿಳಿದುಕೊಳ್ಳಲು ಬಯಸುವವನಂತೆ ಕೇಳಿದ. ರೀಲು ಮರಳಿ ಬರುವುದಿಲ್ಲ, ಲ್ಯಾಬಿನ ಹೆಸರು ಹೋಗುತ್ತದೆ, ಮುದುಕಿಗೆ ಹೇಗೂ ಹೇಳಿಯಾಯಿತಲ್ಲ. ಈರಯ್ಯ ಹೊಸ ಫಾರಂ ಬರೆದು ತಂದಿದ್ದ. ಹಳೆಯದರ ಮೇಲೆ ಅದನ್ನು ಪಿನ್ ಮಾಡಿ ಇಡುವವರೆಗೆ ಎದ್ದು ಹೋಗಲಿಲ್ಲ. ಪ್ರೊಫೆಸರಿಗೂ ಇಮೇಲಿನಲ್ಲಿ ಬರೆದು ತಿಳಿಸಿದ. ಎರಡೇ ಸಾಲಿನ ಉತ್ತರ ಬಂತು. ಪುಸ್ತಕ ಅಚ್ಚಾಗಿ ಹೋಗಿದೆ, ಒಬ್ಬನೇ ಕಂಡ ನೆನಪನ್ನು ಆಧಾರವೆಂದು ಹಿಡಿಯಲು ಆಗುವುದಿಲ್ಲ. ಬುಧವಾರದ ಹೊತ್ತಿಗೆ ಅವನ ಮೇಜು ಬದಲಾಗಿತ್ತು. ಇನ್ನು ಮುಂದೆ ಹಳೆಯ ಫಿಲ್ಮು ಮುಟ್ಟುವ ಹಾಗಿಲ್ಲ, ಜನರ ಮದುವೆ ವಿಡಿಯೊಗಳನ್ನು ಡಿವಿಡಿಗೆ ಇಳಿಸುವ ಕೆಲಸ. ಪಕ್ಕದ ಮೇಜಿನವನು ಏನಾಯಿತೆಂದು ಕೇಳಲಿಲ್ಲ, ಅಂದರೆ ಎಲ್ಲರಿಗೂ ಗೊತ್ತಾಗಿತ್ತು. ಊಟದ ಕೋಣೆಯಲ್ಲಿ ಅವನು ಕೂತ ಮೇಜಿಗೆ ಯಾರೂ ಬರಲಿಲ್ಲ. ಈರಯ್ಯ ಶ್ರೀದೇವಿ ಕಟ್ಟಿಕೊಟ್ಟ ಚಪಾತಿ ತಿಂದ. ರುಚಿ ಹತ್ತಿತು, ಅದಕ್ಕೂ ಒಂದು ಬಗೆಯ ನಾಚಿಕೆಯಾಯಿತು.

ಬಾಕ್ಸ್ ಹಿಲ್‌ನ ಆ ಮನೆಗೆ ಅವನು ಹಿಂದೆ ಹೋಗಿದ್ದು ಒಂದೇ ಸಲ, ಡಬ್ಬಿಗಳನ್ನು ತರಲು. ಗುರುವಾರ ಮಧ್ಯಾಹ್ನ ರಜೆ ಹಾಕಿ ಹೋದ. ಆಸ್ಪತ್ರೆಯ ಹಿಂದಿನ ರಸ್ತೆ, ಎರಡೂ ಕಡೆ ಹಳೆಯ ಮನೆ ಕೆಡವಿ ಎಬ್ಬಿಸುತ್ತಿರುವ ಅಪಾರ್ಟ್‌ಮೆಂಟುಗಳು, ನಡುವೆ ಅವಳದೊಂದು ಇಟ್ಟಿಗೆಯ ಮನೆ. ಅವಳು ಬಾಗಿಲು ತೆರೆದು ಒಳಗೆ ನಡೆದಳು. ಅಡುಗೆಮನೆಯ ಮೇಜಿನ ಮೇಲೆ ಒಂದು ಹಳೆಯ ಕ್ಯಾಸೆಟ್ ರೆಕಾರ್ಡರ್ ಇತ್ತು. ತಿನ್ನಲು ಏನೂ ಇಟ್ಟಿರಲಿಲ್ಲ. ಎದುರಿನ ಕುರ್ಚಿ ತೋರಿಸಿದಳು.

ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ, ಎಂದಳು. ಮೂರು ವರ್ಷ ತನ್ನದಲ್ಲದ ತಪ್ಪನ್ನು ಹೊತ್ತು ಗ್ಯಾರೇಜಿನ ಬಾಗಿಲು ನೋಡಿದಾಗಲೆಲ್ಲ ತನಗೇನಾಗುತ್ತಿತ್ತೆಂದು ಅವನಿಗೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಆದರೆ ತನ್ನ ತಾಯಿಯ ಮುಖ ಕಂಡವರಲ್ಲಿ ಈಗ ಬದುಕಿರುವವರು ಇಬ್ಬರೇ. ಒಬ್ಬಳಿಗೆ ಮರೆತುಹೋಗಿದೆ.

‘ನಿಮ್ಮ ಭಾಷೆಯಲ್ಲಿ ಹೇಳಿ,’ ಎಂದಳು. ‘ಇಂಗ್ಲಿಷಿನಲ್ಲಿ ನೀವು ಎಚ್ಚರಿಕೆಯಿಂದ ಮಾತಾಡುತ್ತೀರಿ. ನನ್ನ ಅಮ್ಮನೂ ನನ್ನೊಡನೆ ಯಾವತ್ತೂ ಇಂಗ್ಲಿಷ್ ಆಡಲಿಲ್ಲ.’

ನಿಮಗೆ ತಿಳಿಯುವುದಿಲ್ಲವಲ್ಲ ಎಂದ. ತಿಳಿದವರಿಂದ ಆಮೇಲೆ ಬರೆಸಿಕೊಳ್ಳುತ್ತೇನೆ, ಈಗ ನೋಡುತ್ತೇನೆ ಎಂದು ಅವಳು ಗುಂಡಿ ಒತ್ತಿದಳು. ಕ್ಯಾಸೆಟ್ ತಿರುಗತೊಡಗಿತು. ಮೇಜಿನ ಮೇಲೆ ಈರಯ್ಯನ ಕೈಗಳು ಇದ್ದವು. ಅವು ತಾವಾಗಿ ಎದ್ದು, ಗಾಳಿಯಲ್ಲಿ ಒಂದು ಹೂಜಿಯನ್ನು ಹಿಡಿದವು.

‘ಆಕಿ ಕೊಡ ಹಿಡದು ನಿಂತಾಳ,’ ಎಂದ. ‘ಅರ್ಧ ತುಂಬೇತಿ. ಪೂರಾ ತುಂಬಲಿ ಅಂತ ಆಕಿ ಕಾಯಲಿಲ್ಲ. ಅಷ್ಟಕ್ಕ ಎತ್ತಿಬಿಟ್ಲು. ಎತ್ತೂಮುಂದ ನೀರ ತುಳುಕಿ ಆಕಿ ಮುಂಗೈ ಮ್ಯಾಲ ಬಿತ್ತು. ಆಕಿ ಒರಸಿಕೊಳ್ಳಲಿಲ್ಲ. ಅಲ್ಲೀತನಕ ಕ್ಯಾಮೆರಾ ಹೊಲಿಗಿಯಾಕಿದು ಬಿಟ್ರ ಯಾರ ಮಾರೀನೂ ತೋರ್ಸಿದ್ದಿಲ್ಲ, ಅಷ್ಟ ಅಳತೀ ಮನಷ್ಯಾ ಆ ಸಿನಿಮಾ ತಗದಾಂವ. ಆಕಿ ಸರದು ಜಾಗಾ ಕೊಟ್ಟ ಮ್ಯಾಲ ಕ್ಯಾಮೆರಾ ಸಾವಕಾಶ ಮ್ಯಾಲೆದ್ದಿತು. ಆಕಿ ತೋಳು, ಆಕಿ ಕೊರಳು. ಕೊರಳಾಗ ಏನೂ ಇದ್ದಿಲ್ಲ. ಆಮ್ಯಾಲ ಮಾರಿ. ಉಗುರಿನಷ್ಟ ಇತ್ರಿ, ಆದ್ರ ನಿಚ್ಚಳ ಇತ್ತು. ಅಗಲ ಹಣಿ. ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮ್ಯಾಲ. ಆಕಿ ಬಾಯಿ ತೆರದಿತ್ತು, ಏನರ ಹೇಳಾಕ ಹತ್ತಿದಂಗ. ಆಕಿ ನಗತಿದ್ಲೋ ಇಲ್ಲೋ ನನಗ ಗೊತ್ತಿಲ್ರಿ. ನಗತಿದ್ಲು ಅಂತ ಹೇಳಬೇಕಂತ ಭಾಳ ಅನಸ್ತೇತಿ. ಗೊತ್ತಿಲ್ಲ. ಲಾರಿ ಬಂತು. ಇನ್ನೂ ಇತ್ತು, ಸುರಳಿ ಇನ್ನೂ ಇತ್ತು. ನಾ ಆಕಿನ್ನ ನೀರಾಗ ಬಿಟ್ಟು ಮುಚ್ಚಿಬಿಟ್ನಿ.’

ಅವನ ಕೈಗಳು ಮುಚ್ಚಳ ಒತ್ತಿದ ಹಾಗೆಯೇ ಮೇಜಿನ ಮೇಲೆ ಉಳಿದವು. ಅವಳು ಅವನ್ನು ನೋಡುತ್ತಿದ್ದಳು. ಕ್ಯಾಸೆಟ್ಟು ಖಾಲಿ ತಿರುಗುತ್ತಿತ್ತು, ಹೊರಗೆ ಯಾವುದೋ ಕಟ್ಟಡದ ಮೇಲೆ ಸುತ್ತಿಗೆಯ ಪೆಟ್ಟು ಬೀಳುತ್ತಿತ್ತು. ಅವಳು ಗುಂಡಿ ಒತ್ತಿ ನಿಲ್ಲಿಸಲಿಲ್ಲ.

‘ಒಂದು ಶಬ್ದ ಮತ್ತೆ ಮತ್ತೆ ಹೇಳಿದಿರಿ,’ ಎಂದಳು. ‘ಅದೇನು, ಆಕಿ?’

‘ಅವಳು ಅಂತ,’ ಎಂದ ಈರಯ್ಯ. ‘ನಮ್ಮ ಊರಿನಲ್ಲಿ ಅವಳು ಅನ್ನುವುದಕ್ಕೆ.’

ಟ್ರೂಡಿ ತುಟಿಯನ್ನು ಆ ಶಬ್ದದ ಆಕಾರಕ್ಕೆ ತಂದು ತಡೆದಳು. ಆಮೇಲೆ ರೆಕಾರ್ಡರಿನ ಹತ್ತಿರಕ್ಕೆ ಬಗ್ಗಿ, ಕಣ್ಣು ಮುಚ್ಚಿ, ಹೊಸದಾಗಿ ಮಾತು ಕಲಿಯುವವಳಂತೆ ಒಂದು ಸಲ ಹೇಳಿದಳು.

‘ಆಕಿ.’